ಹಳೇ ಡೀಸೆಲ್ ಗಾಡಿ ಸ್ಟಾರ್ಟ್ ಆಗ್ತಿಲ್ವಾ? ಪಾನಾ ಹಿಡಿಯುವ ಮುಂಚೆ ಸೈಲೆನ್ಸರ್ ನೋಡಿ

ಮಳೆಗಾಲ ಹಿಡಿಯಿತು ಅಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಒಂದೇ ದೂರು. ಗಾಡಿ ನಾಲ್ಕು ದಿನ ಶೆಡ್ಡಿನಲ್ಲಿ ನಿಂತಿತ್ತು, ಈಗ ಸ್ಟಾರ್ಟ್ ಆಗುತ್ತಿಲ್ಲ. ಏನೇನು ಮಾಡಿದಿರಿ ಅಂತ ಕೇಳಿದರೆ ಉತ್ತರವೂ ಹೆಚ್ಚುಕಡಿಮೆ ಒಂದೇ. ಬ್ಯಾಟರಿ ಸುಸ್ತಾಗುವವರೆಗೆ ಸೆಲ್ಫ್ ಹೊಡೆದಿರುತ್ತಾರೆ. ಆಮೇಲೆ ಯಾರೋ ಹೇಳಿದರು ಅಂತ ಡೀಸೆಲ್ ಫಿಲ್ಟರ್ ಬಿಚ್ಚಿರುತ್ತಾರೆ. ಅಲ್ಲಿಗೆ ಇದ್ದ ಒಂದು ತೊಂದರೆಗೆ ಇನ್ನೆರಡು ಸೇರಿತು. ಬ್ಯಾಟರಿ ಖಾಲಿ, ಡೀಸೆಲ್ ಲೈನಿನೊಳಗೆ ಗಾಳಿ. ಮೊದಲು ಏನು ಕೆಟ್ಟಿತ್ತು ಅನ್ನುವುದು ಈಗ ಮೆಕ್ಯಾನಿಕ್‌ಗೂ ಗೊತ್ತಾಗುವುದಿಲ್ಲ.

ಕೆಳಗೆ ಹೇಳಿರುವ ಕೆಲಸಗಳು ಒಂದೊಂದೂ ಸುಲಭವೇ. ಎಡವಟ್ಟಾಗುವುದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ. ಅದಕ್ಕೇ ಹಂತ ಹಾರಬೇಡಿ.

## ಯಾವ ಗಾಡಿಗೆ ಇದು ಹೊಂದುತ್ತದೆ

ಕಂಪ್ಯೂಟರ್ ಇಲ್ಲದ, ಡೀಸೆಲ್ ಪಂಪಿನಿಂದ ನಾಲ್ಕು ಕಬ್ಬಿಣದ ಪೈಪು ನೇರವಾಗಿ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳಿಗೆ ಹೋಗುವ ಗಾಡಿಗಳಿಗೆ. ಡೀಸೆಲ್ ಅಂಬಾಸಿಡರ್, ಮಹೀಂದ್ರಾ ಜೀಪು, ಕಮಾಂಡರ್, ಹಳೇ ಬೊಲೆರೊ, ಹಳೇ ಸುಮೊ, ಮೊದಲ ತಲೆಮಾರಿನ ಡೀಸೆಲ್ ಇಂಡಿಕಾ, ಕ್ವಾಲಿಸ್ ಎಲ್ಲ ಈ ಗುಂಪಿಗೆ ಬರುತ್ತವೆ.

ನಿಮ್ಮದು ಕಾಮನ್ ರೇಲ್ ಎಂಜಿನ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಹೋಗುವ ಹೊಸ ಬಗೆ) ಆಗಿದ್ದರೆ ಬ್ಯಾಟರಿ, ಫಿಲ್ಟರಿನ ನೀರು, ಫ್ಯೂಸ್ ಇಷ್ಟನ್ನು ಮಾತ್ರ ನೋಡಿ. ನಾಝಲ್ ಪೈಪಿನ ನಟ್ಟು ಸಡಿಲಿಸುವ ಕೆಲಸಕ್ಕೆ ಕೈ ಹಾಕಲೇಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

10ರಿಂದ 19ರವರೆಗಿನ ಪಾನಾ ಸೆಟ್ಟು, ಅದರಲ್ಲೂ 10, 13, 17, 19 ಖಂಡಿತ ಬೇಕು. ಎರಡು ಸ್ಕ್ರೂಡ್ರೈವರ್, ಒಂದು ಕಟಿಂಗ್ ಪ್ಲೇಯರ್. ಒಂದು ಟೆಸ್ಟ್ ಲ್ಯಾಂಪು. 12 ವೋಲ್ಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಕಟ್ಟಿದರೂ ನಡೆಯುತ್ತದೆ. ಸಾದಾ ಮಲ್ಟಿಮೀಟರ್ ಇದ್ದರೆ ಕೆಲಸ ಅರ್ಧಕ್ಕರ್ಧ ಹಗುರ. ಉಪ್ಪು ಕಾಗದ, ಹಳೇ ಟೂತ್ ಬ್ರಷ್, ಒಣ ಬಟ್ಟೆ, ಗಾಜಿನ ಲೋಟ, ಎರಡು ಲೀಟರ್ ಚೊಕ್ಕ ಡೀಸೆಲ್, ಒಂದು ಗಜ ಪಾರದರ್ಶಕ ಪ್ಲಾಸ್ಟಿಕ್ ಪೈಪು. ಕಣ್ಣಿಗೆ ಕನ್ನಡಕ.

ಇನ್ನೊಬ್ಬರು ಜೊತೆಗೆ ಬೇಕೇ ಬೇಕು. ಸೀಟಿನಲ್ಲಿ ಕೂತು ಕೀಲಿ ತಿರುಗಿಸುತ್ತಾ, ಹಿಂದೆ ಹೊಗೆಯನ್ನೂ ನೋಡುವುದು ಒಬ್ಬರಿಂದ ಆಗುವ ಕೆಲಸವಲ್ಲ.

ಕೆಲಸ ಶುರು ಮಾಡುವ ಮುಂಚೆ ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ನಮ್ಮ ಕಡೆ ಸಮತಟ್ಟಾದ ಅಂಗಳ ಇರುವ ಮನೆ ಕಡಿಮೆ, ಅಲ್ವಾ.

## ಹಂತ 1: ಒಂದೇ ಸಲ ಕೀಲಿ ತಿರುಗಿಸಿ, ಕಿವಿಗೊಟ್ಟು ಕೇಳಿ

ಹೆಡ್‌ಲೈಟ್ ಹಾಕಿಕೊಂಡು ಕೀಲಿ ತಿರುಗಿಸಿ. ನಾಲ್ಕರಲ್ಲಿ ಒಂದು ಆಗುತ್ತದೆ.

ಏನೂ ಸದ್ದಿಲ್ಲ, ಅಥವಾ ಬರೀ ಟಕ್ ಅಂದು ಸುಮ್ಮನಾಗುತ್ತದೆ. ಆಗ ಲೈಟ್ ನೋಡಿ. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಅಥವಾ ಟರ್ಮಿನಲ್ಲಿನ ತೊಂದರೆ. ಲೈಟ್ ಪ್ರಕಾಶವಾಗಿಯೇ ಇದ್ದರೆ ಕರೆಂಟು ಸೆಲ್ಫ್‌ವರೆಗೆ ಹೋಗುತ್ತಿಲ್ಲ, ಇಲ್ಲವೇ ಸೆಲ್ಫ್ ಒಳಗೇ ಕೆಟ್ಟಿದೆ. ಟಕ ಟಕ ಟಕ ಅಂತ ಒಂದೇ ಸಮ ಬಡಿದುಕೊಂಡರೆ ಬ್ಯಾಟರಿ ಡೌನ್ ಅಂತಲೇ ಇಟ್ಟುಕೊಳ್ಳಿ.

ಎಂಜಿನ್ ತಿರುಗುತ್ತದೆ, ಆದರೆ ಎಳೆದೆಳೆದು ತಿರುಗುತ್ತದೆ. ಜನ ಜಾಸ್ತಿ ಮೋಸ ಹೋಗುವುದು ಇಲ್ಲಿಯೇ. "ಸೆಲ್ಫ್ ತಿರುಗ್ತಿದೆಯಲ್ಲ, ಬ್ಯಾಟರಿ ಸರಿ ಇದೆ" ಅಂದುಕೊಂಡು ಡೀಸೆಲ್ ಲೈನ್ ಬಿಚ್ಚಲು ಹೋಗುತ್ತಾರೆ. ಡೀಸೆಲ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು 20ರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿ, ಆ ಬಿಸಿಯಲ್ಲೇ ಡೀಸೆಲ್ ಹತ್ತಿಕೊಳ್ಳಬೇಕು. ನಿಧಾನ ತಿರುಗಿದರೆ ಬಿಸಿ ಸಿಲಿಂಡರ್ ಗೋಡೆಗೆ ಹೋಗುತ್ತದೆ, ಗಾಳಿ ರಿಂಗಿನ ಸಂದಿಯಲ್ಲಿ ಸೋರುತ್ತದೆ. ಎಷ್ಟು ಹೊಡೆದರೂ ಹತ್ತುವುದಿಲ್ಲ. ಹಂತ 2ಕ್ಕೆ ಹೋಗಿ.

ಎಂಜಿನ್ ಎಂದಿನ ಜೋರಿನಲ್ಲೇ ತಿರುಗುತ್ತದೆ, ಹತ್ತುತ್ತಿಲ್ಲ ಅಷ್ಟೆ. ಹಾಗಿದ್ದರೆ ಹಂತ 3ಕ್ಕೆ ಹೋಗಬಹುದು.

ಯಾವಾಗಲೂ ಇಲ್ಲದಷ್ಟು ಹಗುರವಾಗಿ, ಏರಿಳಿತವೇ ಇಲ್ಲದೆ ಸುಯ್ ಅಂತ ತಿರುಗಿದರೆ ತಕ್ಷಣ ನಿಲ್ಲಿಸಿ. ಬೆಲ್ಟಿನ ಎಂಜಿನ್ ಆಗಿದ್ದರೆ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಮತ್ತೆ ತಿರುಗಿಸಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ.

ಒಂದು ಲೆಕ್ಕ ನೆನಪಿರಲಿ. ಒಂದು ಸಲಕ್ಕೆ 10ರಿಂದ 15 ಸೆಕೆಂಡ್ ಸೆಲ್ಫ್, ಆಮೇಲೆ ಕನಿಷ್ಠ ಒಂದು ನಿಮಿಷ ಬಿಡುವು. ಮುಂದಿನ ಎಲ್ಲ ಹಂತಗಳಿಗೂ ಇದೇ ಲೆಕ್ಕ.

## ಹಂತ 2: ಬ್ಯಾಟರಿ, ಟರ್ಮಿನಲ್, ಅರ್ಥ್

ಮೊದಲು ಟರ್ಮಿನಲ್ ಕೈಯಲ್ಲಿ ತಿರುಚಿ ನೋಡಿ. ಅಲುಗಿದರೆ ಸಡಿಲ ಇದೆ. ಬಿಳಿ ಅಥವಾ ಹಸಿರು ಹೂವು ಹಿಡಿದಿದ್ದರೆ ಬಿಚ್ಚಿ ತೊಳೆಯಬೇಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಉಲ್ಟಾ ಮಾಡಿದರೆ ಪಾನಾ ಬಾಡಿಗೆ ತಾಗಿ ಕಿಡಿ ಹಾರುತ್ತದೆ. ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ಬ್ರಷ್ಷಿನಲ್ಲಿ ಉಜ್ಜಿ. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗದಿರಲಿ. ಒಣಗಿಸಿ, ಸೀಸದ ಕಂಬ ಹೊಳೆಯುವವರೆಗೆ ಉಪ್ಪು ಕಾಗದ ಹಾಕಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ.

ಮೀಟರ್ ಇದ್ದರೆ ಅಳೆಯಿರಿ. ರಾತ್ರಿಯೆಲ್ಲ ಸುಮ್ಮನೆ ನಿಂತ ಒಳ್ಳೇ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12.0ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಚಾರ್ಜ್ ಮಾಡಿ ಮತ್ತೊಮ್ಮೆ ನೋಡಿ. ಆಗಲೂ ಬಿದ್ದರೆ ಬ್ಯಾಟರಿಯ ಆಯಸ್ಸು ಮುಗಿದಿದೆ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿಯನ್ನು ಡೀಸೆಲ್ ಗಾಡಿಗೆ ಹಾಕಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಬೇಸಿಗೆಯಲ್ಲಿ ಅದು ಹೇಗೋ ದೂಡುತ್ತದೆ. ಡಿಸೆಂಬರಿನ ಬೆಳಗ್ಗೆ ಕೈ ಕೊಡುತ್ತದೆ.

ಇನ್ನು ಅರ್ಥ್, ಅಂದರೆ ಎಂಜಿನ್ನಿನಿಂದ ಬ್ಯಾಟರಿಯ ಮೈನಸ್ಸಿಗೆ ಕರೆಂಟು ವಾಪಸ್ ಹೋಗುವ ದಾರಿ. ಮಲೆನಾಡಿನ ಹಳೇ ಗಾಡಿಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಅನುಮಾನ ಪಡುವುದು ಇದನ್ನೇ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿ ಇಷ್ಟು ತೇವದಲ್ಲಿ ಒಳಗಿನಿಂದಲೇ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ಸರಿಯಾಗಿಯೇ ಕಾಣುತ್ತದೆ. ಪರೀಕ್ಷೆ ಹೀಗೆ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹದ ಮೇಲೆ ಇಡಿ. ಜೊತೆಯವರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಕೆಟ್ಟಿದೆ. ಮೀಟರ್ ಇಲ್ಲವೇ? ಜಂಪರ್ ಕೇಬಲ್ಲಿನ ಒಂದು ತುದಿ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ ಬ್ಲಾಕಿಗೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಚುರುಕಾಗಿ ತಿರುಗಿದರೆ ಕಳ್ಳ ಸಿಕ್ಕಿದ ಹಾಗೆ.

ಬೇರೆ ಗಾಡಿಯಿಂದ ಕರೆಂಟು ತೆಗೆದುಕೊಳ್ಳುವುದಾದರೆ ಕೆಂಪಿಗೆ ಕೆಂಪು ಸೇರಿಸಿ. ಕಪ್ಪು ಕೇಬಲ್ಲಿನ ಕೊನೆಯ ತುದಿಯನ್ನು ಮಾತ್ರ ನಿಮ್ಮ ಬ್ಯಾಟರಿಗೆ ಕೊಡಬೇಡಿ, ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ಕೊಡಿ. ಬ್ಯಾಟರಿಯ ಮೇಲೆ ಹೊತ್ತಿಕೊಳ್ಳುವ ಗ್ಯಾಸ್ ಇರುತ್ತದೆ. ದಾರಿಯಲ್ಲಿ ಲಾರಿ ಸಿಕ್ಕಿತು ಅಂತ ಕೇಬಲ್ ಎಳೆಯುವ ಮುಂಚೆ ಅದು 24 ವೋಲ್ಟಾ ಅಂತ ಕೇಳಿ. ಹೌದಾದರೆ ಬೇಡ.

## ಹಂತ 3: ಸೈಲೆನ್ಸರ್ ಏನು ಹೇಳುತ್ತದೆ

ಈಗ ಎಂಜಿನ್ ಚೆನ್ನಾಗಿ ತಿರುಗುತ್ತಿದೆ ಅಂತ ಇಟ್ಟುಕೊಳ್ಳೋಣ. ಹೀಟರ್ (ಸ್ಟಾರ್ಟ್ ಮಾಡುವ ಮುಂಚೆ ಸಿಲಿಂಡರಿನೊಳಗೆ ಬಿಸಿ ಮಾಡುವ ಪ್ಲಗ್) ಇರುವ ಗಾಡಿಯಾದರೆ ಎಂದಿನಂತೆ ಬಿಸಿ ಮಾಡಿ. ಜೊತೆಯವರು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಲಿ. ನೀವು ಹಿಂದೆ, ಸೈಲೆನ್ಸರ್ ಪಕ್ಕಕ್ಕೆ ನಿಲ್ಲಿ.

ಹೊಗೆಯೇ ಇಲ್ಲ, ವಾಸನೆಯೂ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಹಂತ 4 ಮತ್ತು 5 ನಿಮಗೆ.

ಬಿಳಿ ಅಥವಾ ಬೂದು ಹೊಗೆ, ಕಣ್ಣು ಉರಿಯುವಂಥ ಹಸಿ ಡೀಸೆಲ್ ವಾಸನೆ ಇದ್ದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ನೇರ ಹಂತ 6ಕ್ಕೆ ಹೋಗಿ. ಈ ಹೊಗೆ ಕಂಡಮೇಲೂ ಫಿಲ್ಟರ್ ಬಿಚ್ಚುವುದು, ಏರ್ ತೆಗೆಯುವುದು ಎಲ್ಲ ದಂಡ.

ಕಪ್ಪು ಹೊಗೆ ಬಂದು ಹತ್ತಿದ ಹಾಗೆ ಮಾಡಿ ನಿಂತರೆ ಏರ್ ಕ್ಲೀನರ್ ನೋಡಿ.

ಇದಿಷ್ಟೇ ಪರೀಕ್ಷೆ. ಒಂದು ಪಾನಾ ಮುಟ್ಟದೆ ಅರ್ಧ ಸಾಧ್ಯತೆಗಳು ಪಟ್ಟಿಯಿಂದ ಹೋದವು.

## ಹಂತ 4: ಹೊಗೆ ಇಲ್ಲ, ಡೀಸೆಲ್ ಎಲ್ಲಿ ನಿಂತಿದೆ

ಟ್ಯಾಂಕಿನಿಂದ ಶುರು ಮಾಡಿ. ಹಳೇ ಗಾಡಿಯ ಡೀಸೆಲ್ ಮುಳ್ಳನ್ನು ನಂಬಬೇಡಿ. ಇಳಿಜಾರಿನಲ್ಲಿ ಗಾಡಿ ವಾರೆಯಾಗಿ ನಿಂತಿದ್ದು ಡೀಸೆಲ್ ಕಡಿಮೆ ಇದ್ದರೆ, ಟ್ಯಾಂಕಿನೊಳಗಿನ ಎಳೆಯುವ ಪೈಪಿಗೆ ಡೀಸೆಲ್ ಸಿಗುವುದೇ ಇಲ್ಲ. ಐದು ಲೀಟರ್ ಹಾಕಿ ನೋಡುವುದಕ್ಕಿಂತ ಸುಲಭದ ಪರೀಕ್ಷೆ ಬೇರೆ ಇಲ್ಲ.

ಆಮೇಲೆ ಸ್ಟಾಪ್. ಕೈಯಲ್ಲಿ ಎಳೆದು ಎಂಜಿನ್ ಆಫ್ ಮಾಡುವ ಜೀಪುಗಳಲ್ಲಿ ಕೇಬಲ್ ತುಕ್ಕು ಹಿಡಿದು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಒಳಗೆ ನಾಬ್ ಪೂರ್ತಿ ಹೋಗಿರುತ್ತದೆ, ಪಂಪಿನ ಮೇಲಿನ ಲಿವರ್ ಮಾತ್ರ ಆಫ್ ಜಾಗದಲ್ಲೇ ಕೂತಿರುತ್ತದೆ. ಬಾನೆಟ್ ಎತ್ತಿ ಲಿವರನ್ನು ಕೈಯಿಂದ ಆನ್ ಜಾಗಕ್ಕೆ ತಳ್ಳಿ. ಎಷ್ಟೋ ಗಾಡಿ ಇಷ್ಟಕ್ಕೇ ಸ್ಟಾರ್ಟ್ ಆಗುತ್ತವೆ.

ಕೀಲಿಯಲ್ಲೇ ಆಫ್ ಆಗುವ ಗಾಡಿಗಳಲ್ಲಿ ಪಂಪಿನ ಮೇಲೆ ಒಂದೇ ವೈರು ಬರುವ ಸಣ್ಣ ಸೊಲೆನಾಯ್ಡ್ (ಕರೆಂಟು ಬಂದಾಗ ಡೀಸೆಲ್ ದಾರಿ ತೆರೆಯುವ ವಾಲ್ವು) ಇರುತ್ತದೆ. ಕೀಲಿ ಆನ್ ಮಾಡಿದರೆ ಅದು ಟಕ್ ಅನ್ನಬೇಕು. ಕೇಳಿಸದಿದ್ದರೆ ಕೀಲಿ ಆನ್ ಇಟ್ಟು ವೈರು ತೆಗೆದು ಮತ್ತೆ ತಾಗಿಸಿ. ಆಗಲೂ ಸದ್ದಿಲ್ಲದಿದ್ದರೆ ಆ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಬಲ್ಬು ಹತ್ತಿತು ಅಂದರೆ ಸೊಲೆನಾಯ್ಡ್ ಹೋಗಿದೆ. ಹತ್ತಲಿಲ್ಲ ಅಂದರೆ ಫ್ಯೂಸ್ ನೋಡಿ, ಆಮೇಲೆ ವೈರಿನ ದಾರಿ ಹಿಡಿದು ಹೋಗಿ. ಅಡಿಕೆ ಒಣಗಿಸುವ ಮನೆಯ ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಇಲಿ ಕಡಿದ ಜಾಗ ಸಿಗುವ ಸಾಧ್ಯತೆ ಜಾಸ್ತಿ. ಇಮೊಬಿಲೈಸರ್ (ಕಳ್ಳತನ ತಡೆಯುವ ಲಾಕು) ಇರುವ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ಕೀಲಿ ದೀಪ ಮಿನುಗುತ್ತಿದ್ದರೆ ಇನ್ನೊಂದು ಕೀಲಿಯಿಂದ ಪ್ರಯತ್ನಿಸಿ.

ತುರ್ತಿಗೆ ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್ ಇರುವ ವೈರು ಎಳೆದು ಸೊಲೆನಾಯ್ಡಿಗೆ ಕೊಡಬಹುದು. ಆದರೆ ಆಗ ಕೀಲಿ ತೆಗೆದರೂ ಎಂಜಿನ್ ನಿಲ್ಲುವುದಿಲ್ಲ, ವೈರು ಕೀಳಬೇಕು. ಇದನ್ನು ಗಾಡಿ ಓಡಿಸುವ ಎಲ್ಲರಿಗೂ ಹೇಳಿರಿ.

ಮೂರನೆಯದು ನೀರು. ಫಿಲ್ಟರಿನ ಅಡಿಯಲ್ಲಿರುವ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿಯಿರಿ. ಐದು ನಿಮಿಷ ಬಿಡಿ. ನೀರಿದ್ದರೆ ತಳಕ್ಕೆ ಇಳಿದು ಗೆರೆ ಹಾಕಿದ ಹಾಗೆ ಬೇರೆಯಾಗಿ ಕಾಣುತ್ತದೆ. ಒಂದೆರಡು ಚಮಚ ಬಂದರೆ ಚೊಕ್ಕ ಡೀಸೆಲ್ ಬರುವವರೆಗೆ ಬಿಟ್ಟು ಮುಂದೆ ಹೋಗಿ. ಕಾಲು ಲೋಟ ನೀರು ಬಂತು ಅಂದರೆ ಸೆಲ್ಫ್ ಮುಟ್ಟಬೇಡಿ. ಟ್ಯಾಂಕ್ ಇಳಿಸಿ ತೊಳೆಯಬೇಕು, ಫಿಲ್ಟರ್ ಹೊಸದು ಹಾಕಬೇಕು. ಪಂಪಿನೊಳಗಿನ ಭಾಗಗಳಿಗೆ ಡೀಸೆಲ್ಲೇ ಎಣ್ಣೆ. ನೀರು ಹೊಕ್ಕರೆ ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತವೆ. ಪಂಪ್ ರಿಪೇರಿ ಅಂದರೆ ಬೆಂಚಿನ ಮೇಲೆ ಕೂರಿಸಿ ಮಾಡುವ ಕೆಲಸ, ಜೇಬಿಗೂ ಭಾರ.

ತೋಟದ ಔಷಧಿ ಪಂಪಿಗೆ ಅಂತ ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್ಲನ್ನು ಗಾಡಿಗೆ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಮಳೆಯಲ್ಲಿ ಮುಚ್ಚಳ ಸರಿ ಕೂರದ ಕ್ಯಾನು ಎಷ್ಟು ನೀರು ಕುಡಿದಿರುತ್ತದೆ ಅಂತ ಹೊರಗಿನಿಂದ ತಿಳಿಯುವುದಿಲ್ಲ. ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ. ಲೋಟದಲ್ಲಿ ಕಪ್ಪು ಲೋಳೆ ಕಂಡರೆ ಟ್ಯಾಂಕಿನೊಳಗೆ ನೀರು ಬಹಳ ದಿನದಿಂದ ನಿಂತು ಬೂಷ್ಟು ಬೆಳೆದಿದೆ ಅಂತ ಅರ್ಥ.

## ಹಂತ 5: ಏರ್ ತೆಗೆಯುವುದು

ಜಾಸ್ತಿ ಜನ ಸೋಲುವುದು ಇಲ್ಲಿ. ಕೆಲಸ ಕಷ್ಟ ಅಂತಲ್ಲ. ಅರ್ಧಕ್ಕೇ ಬಿಡುತ್ತಾರೆ.

ನಾಝಲ್ ತೆರೆದುಕೊಳ್ಳಲು 100 ಬಾರ್‌ಗೂ ಮೇಲೆ ಒತ್ತಡ ಬೇಕು. ಡೀಸೆಲ್ ತುಂಬಿದ ಪೈಪಿನಲ್ಲಿ ಪಂಪು ಒತ್ತಿದ ಒತ್ತಡ ನೇರ ನಾಝಲಿಗೆ ಮುಟ್ಟುತ್ತದೆ. ನಡುವೆ ಗಾಳಿ ಇದ್ದರೆ ಅದು ಸೈಕಲ್ ಪಂಪಿನ ಬಾಯಿ ಬೆರಳಲ್ಲಿ ಮುಚ್ಚಿ ಒತ್ತಿದ ಹಾಗೆ ಕುಗ್ಗಿ ಹಿಗ್ಗಿ ಸುಮ್ಮನಾಗುತ್ತದೆ. ನಾಝಲ್ ತೆರೆಯುವುದೇ ಇಲ್ಲ.

ಗಾಳಿ ತೆಗೆಯುವ ಸಾಲು ಯಾವಾಗಲೂ ಟ್ಯಾಂಕಿನ ಕಡೆಯಿಂದ ನಾಝಲ್ ಕಡೆಗೆ. ಮೊದಲು ಫಿಲ್ಟರ್, ಆಮೇಲೆ ಪಂಪ್, ಕೊನೆಗೆ ನಾಝಲ್ ಪೈಪು.

ಫಿಲ್ಟರಿನ ತಲೆಯ ಮೇಲಿರುವ ಏರ್ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ. ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಸಣ್ಣ ಪಂಪು) ಒತ್ತುತ್ತಾ ಹೋಗಿ. ಜೀಪಿನ ಫೀಡ್ ಪಂಪಿನಲ್ಲಿ (ಟ್ಯಾಂಕಿನಿಂದ ಡೀಸೆಲ್ ಎಳೆದುಕೊಡುವ ಪಂಪು) ಪ್ರೈಮರಿನ ಗುಂಡಿಯನ್ನು ಮೊದಲು ತಿರುಪಿ ಬಿಡಿಸಿಕೊಳ್ಳಬೇಕು, ಕೆಲಸ ಮುಗಿದ ಮೇಲೆ ಒತ್ತಿ ತಿರುಪಿ ಬಿಗಿ ಮಾಡಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಗುಳ್ಳೆ ಪೂರ್ತಿ ನಿಲ್ಲುವವರೆಗೆ ಒತ್ತಿ. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಕೈ ಬಿಟ್ಟು ಬಿಗಿ ಮಾಡಿದರೆ ಮತ್ತೆ ಗಾಳಿ ಒಳಗೆ. ಎರಡು ಫಿಲ್ಟರ್ ಇರುವ ಗಾಡಿಯಲ್ಲಿ ಎರಡಕ್ಕೂ ಒಂದಾದ ಮೇಲೆ ಒಂದು ಹೀಗೆಯೇ ಮಾಡಿ.

ಪ್ರೈಮರ್ ನಿಮಗೆ ಇನ್ನೂ ಎರಡು ಸಂಗತಿ ಹೇಳುತ್ತದೆ. ಎಷ್ಟು ಒತ್ತಿದರೂ ಕೈಗೆ ಬಿಗಿಯೇ ಸಿಗದೆ ಪೊಳ್ಳಾಗಿದ್ದರೆ ಟ್ಯಾಂಕಿನ ಕಡೆಯಿಂದ ಡೀಸೆಲ್ ಬದಲು ಗಾಳಿ ಬರುತ್ತಿದೆ. ಒತ್ತಿದ ಪ್ರೈಮರ್ ವಾಪಸ್ ಮೇಲೆ ಬರದಿದ್ದರೆ ಟ್ಯಾಂಕಿನ ಕಡೆ ಕಟ್ಟಿಕೊಂಡಿದೆ. ಟ್ಯಾಂಕಿನ ಮುಚ್ಚಳ ತೆಗೆದು ಮತ್ತೆ ಒತ್ತಿ. ಈಗ ಸರಾಗ ಬಂತು ಅಂದರೆ ಮುಚ್ಚಳದ ಗಾಳಿ ಕಿಂಡಿ ಮಣ್ಣು ಮುಚ್ಚಿದೆ ಅಷ್ಟೆ.

ಮುಂದೆ ಪಂಪ್. ಪಂಪಿನ ಮೇಲೆ ಏರ್ ಸ್ಕ್ರೂ ಇದ್ದರೆ ಅದನ್ನೂ ಹೀಗೆಯೇ ಮಾಡಿ. ಇಲ್ಲದಿದ್ದರೆ ಹೆಚ್ಚಾದ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ಪೈಪಿನ ಬೋಲ್ಟು ಸ್ವಲ್ಪ ಸಡಿಲಿಸಿ. ಬಿಚ್ಚಿದ ಕಡೆ ತಾಮ್ರದ ವಾಷರ್ ಇರುತ್ತದೆ. ಒಮ್ಮೆ ಚಪ್ಪಟೆಯಾದ ವಾಷರನ್ನೇ ಮತ್ತೆ ಹಾಕಿದರೆ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಿ ದಿನವೆಲ್ಲ ಕಳೆಯುವುದು ಬೇಡ.

ಕೊನೆಗೆ ನಾಝಲ್ ಪೈಪು. ಕನ್ನಡಕ ಹಾಕಿಕೊಳ್ಳಿ. ಎರಡು ನಾಝಲಿನ ನಟ್ಟನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ, ಸುತ್ತ ಬಟ್ಟೆ ಹಾಕಿ. ಜೊತೆಯವರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಲಿ. ನಟ್ಟಿನ ಬುಡದಲ್ಲಿ ಡೀಸೆಲ್ ಚಿಳ್ ಚಿಳ್ ಅಂತ ಬಿಟ್ಟು ಬಿಟ್ಟು ಬಂದರೆ ಬಿಗಿ ಮಾಡಿ, ಉಳಿದೆರಡಕ್ಕೆ ಹೋಗಿ. ಸಾಧಾರಣವಾಗಿ ಎರಡು ಸಿಲಿಂಡರಿಗೆ ಡೀಸೆಲ್ ಸಿಕ್ಕರೆ ಎಂಜಿನ್ ತಡವರಿಸುತ್ತಾ ಹತ್ತಿಕೊಳ್ಳುತ್ತದೆ. ಉಳಿದ ಗಾಳಿ ತಾನೇ ಹೋಗುತ್ತದೆ.

ಸೋರುತ್ತಿದೆಯಾ ಅಂತ ಬೆರಳಿಟ್ಟು ನೋಡಬೇಡಿ. ಈ ಹಳೇ ಪಂಪುಗಳ ಒತ್ತಡವೂ ಚರ್ಮದೊಳಗೆ ಡೀಸೆಲ್ ತೂರಿಸಲು ಸಾಕು. ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೋಗಿದೆ ಅಂತ ಬಾಯಿ ಬಿಟ್ಟು ಹೇಳಿ. ನೋವು ಶುರುವಾಗುವವರೆಗೆ ಕಾದರೆ ಬೆರಳು ಕಳೆದುಕೊಳ್ಳುವ ಪ್ರಸಂಗ ಬರಬಹುದು.

ಏರ್ ತೆಗೆದಾಗ ಸ್ಟಾರ್ಟ್ ಆಗಿ, ಮರುದಿನ ಬೆಳಗ್ಗೆ ಮತ್ತೆ ಅದೇ ಕಥೆ ಆದರೆ ಗಾಳಿ ಒಳಗೆ ಬರುವ ದಾರಿ ಇನ್ನೂ ತೆರೆದೇ ಇದೆ. ಸ್ಟಾರ್ಟ್ ಆಗಿ ಹತ್ತು ಸೆಕೆಂಡಿಗೆ ಆಫ್ ಆಗುವುದೂ ಇದರದ್ದೇ ಗುರುತು. ಇಲ್ಲಿ ಒಂದು ಮಾತು ಗಮನಿಸಿ: ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಎಳೆಯಲಾಗುತ್ತದೆ. ಅಲ್ಲಿ ಬಿರುಕಿದ್ದರೆ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಡೀಸೆಲ್ ಹೊರಗೆ ಸುರಿಯಬೇಕಾಗಿಲ್ಲ. "ಎಲ್ಲೂ ಲೀಕ್ ಇಲ್ಲ" ಅಂತ ಜನ ಕೈ ಚೆಲ್ಲುವುದು ಅದಕ್ಕೇ. ಒಣಗಿದ ರಬ್ಬರ್ ಪೈಪು, ಕ್ಲಿಪ್ಪಿನ ಬುಡ, ಫಿಲ್ಟರಿನ ರಬ್ಬರ್ ರಿಂಗು ಇವೇ ಸಾಮಾನ್ಯ ಜಾಗಗಳು.

ಹುಡುಕಲು ಫಿಲ್ಟರ್ ಮತ್ತು ಪಂಪಿನ ನಡುವೆ ಪಾರದರ್ಶಕ ಪೈಪು ಹಾಕಿ. ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ. ಇನ್ನೂ ಖಚಿತ ಬೇಕಾದರೆ ಚೊಕ್ಕ ಡೀಸೆಲ್ಲಿನ ಕ್ಯಾನನ್ನು ಎಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿ, ಅದರಿಂದ ನೇರ ಫಿಲ್ಟರಿಗೆ ಪೈಪು ಕೊಡಿ. ಏರ್ ತೆಗೆದು ಸ್ಟಾರ್ಟ್ ಮಾಡಿ. ಚೆನ್ನಾಗಿ ಓಡಿದರೆ ತೊಂದರೆ ಟ್ಯಾಂಕ್ ಮತ್ತು ಫಿಲ್ಟರಿನ ನಡುವೆ. ಓಡದಿದ್ದರೆ ಫಿಲ್ಟರಿನಿಂದ ಈಚೆಗೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಯಾಕೋ ಯಾರೂ ಮಾಡುವುದಿಲ್ಲ.

## ಹಂತ 6: ಬಿಳಿ ಹೊಗೆ ಬರುತ್ತಿದೆ, ಹತ್ತುತ್ತಿಲ್ಲ

ಈಗ ಹೀಟರ್ ಪ್ಲಗ್. ಕೆಲವು ಡೈರೆಕ್ಟ್ ಇಂಜೆಕ್ಷನ್ ಜೀಪುಗಳಲ್ಲಿ ಹೀಟರ್ ಇರುವುದೇ ಇಲ್ಲ. ಅಂಥವರು ಈ ಹಂತ ಬಿಟ್ಟು ಮುಂದೆ ಹೋಗಿ.

ಡ್ಯಾಶ್‌ಬೋರ್ಡಿನ ಸುರುಳಿ ದೀಪ ಹತ್ತಿ ಆರಿತು ಅಂದಮಾತ್ರಕ್ಕೆ ಪ್ಲಗ್ ಬಿಸಿಯಾಯಿತು ಅಂತ ಅಲ್ಲ. ಎಷ್ಟೋ ಗಾಡಿಗಳಲ್ಲಿ ಆ ದೀಪ ಟೈಮರ್ ಲೆಕ್ಕಕ್ಕೆ ಹತ್ತಿ ಆರುತ್ತದೆ. ನಾಲ್ಕೂ ಪ್ಲಗ್ ಸತ್ತಿದ್ದರೂ ಅದು ತನ್ನ ಪಾಡಿಗೆ ಹತ್ತುತ್ತದೆ.

ಮೊದಲು ಕರೆಂಟು ಬರುತ್ತಿದೆಯಾ ನೋಡಿ. ಪ್ಲಗ್‌ಗಳನ್ನು ಸೇರಿಸುವ ಪಟ್ಟಿಗೆ ಟೆಸ್ಟ್ ಲ್ಯಾಂಪ್ ಹಿಡಿದು, ಕೀಲಿಯನ್ನು ಹೀಟರ್ ಜಾಗಕ್ಕೆ ತಿರುಗಿಸಲು ಹೇಳಿ. ಬಲ್ಬು ಹತ್ತದಿದ್ದರೆ ರಿಲೇ (ಪ್ಲಗ್ಗಿಗೆ ಕರೆಂಟು ಬಿಡುವ ಸ್ವಿಚ್ಚು) ಅಥವಾ ಅದರ ದಪ್ಪ ಫ್ಯೂಸ್ ಹೋಗಿದೆ. ನಮ್ಮ ತೇವಕ್ಕೆ ರಿಲೇಯ ಕಾಲುಗಳು ಹಸಿರು ಹಿಡಿದಿರುವುದೂ ಉಂಟು.

ಕರೆಂಟು ಬರುತ್ತಿದ್ದರೆ ಪಟ್ಟಿ ಬಿಚ್ಚಿ ಒಂದೊಂದೇ ಪ್ಲಗ್ ನೋಡಿ. ಟೆಸ್ಟ್ ಲ್ಯಾಂಪಿನ ಒಂದು ವೈರು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಪ್ಲಗ್ಗಿನ ತಲೆಗೆ. ಹತ್ತಿದರೆ ಪ್ಲಗ್ಗಿನೊಳಗಿನ ತಂತಿ ತುಂಡಾಗಿಲ್ಲ, ಹತ್ತದಿದ್ದರೆ ತುಂಡಾಗಿದೆ. ಮೀಟರಿನಲ್ಲಾದರೆ ಒಳ್ಳೇ ಪ್ಲಗ್ ಒಂದು ಓಮ್ ಆಸುಪಾಸು ತೋರಿಸುತ್ತದೆ. ಪಟ್ಟಿ ಬಿಚ್ಚದೆ ನೋಡಿದರೆ ಒಂದು ಒಳ್ಳೇ ಪ್ಲಗ್ ಉಳಿದ ಮೂರರ ಸಾವನ್ನೂ ಮುಚ್ಚಿಡುತ್ತದೆ.

ಒಂದು ಸತ್ತರೆ ಗಾಡಿ ನಡುಗುತ್ತಾ ಹತ್ತುತ್ತದೆ. ಎರಡು ಸತ್ತರೆ ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಹತ್ತುವುದು ಅನುಮಾನ. ಬದಲಿಸುವುದಾದರೆ ನಾಲ್ಕನ್ನೂ ಬದಲಿಸಿ, ವೋಲ್ಟೇಜ್ ನಂಬರ್ ಹಳೆಯದಕ್ಕೆ ಹೊಂದುತ್ತದಾ ನೋಡಿ. ಬಿಚ್ಚುವಾಗ ಎಂಜಿನ್ ಬೆಚ್ಚಗಿದ್ದರೆ ಒಳ್ಳೆಯದು. ಬರಲಿಲ್ಲ ಅಂತ ಉದ್ದ ಪೈಪು ಸಿಕ್ಕಿಸಿ ಬಲ ಹಾಕಬೇಡಿ. ಮುರಿದರೆ ಹೆಡ್ ಇಳಿಸಬೇಕಾದೀತು. ರಿಲೇ ಕೆಟ್ಟಿದೆ ಅಂತ ನೇರ ವೈರು ಕೊಟ್ಟು ಬಿಸಿ ಮಾಡುವವರು ಹತ್ತು ಸೆಕೆಂಡ್ ದಾಟಬೇಡಿ. ತುದಿ ಉಬ್ಬಿ ತುಂಡಾಗಿ ಸಿಲಿಂಡರಿಗೆ ಬೀಳುತ್ತದೆ.

## ಹಂತ 7: ಗಾಳಿ ಮತ್ತು ಕಂಪ್ರೆಷನ್

ಏರ್ ಕ್ಲೀನರ್ ಡಬ್ಬ ತೆಗೆದು ನೋಡಿ. ಇಲಿ ಗೂಡು, ಎಲೆ, ನೀರು ಏನು ಬೇಕಾದರೂ ಇರಬಹುದು. ಒದ್ದೆಯಾದ ಕಾಗದದ ಫಿಲ್ಟರನ್ನು ಬಿಸಿಲಿಗೆ ಒಣಗಿಸಿ ಹಾಕುವುದಕ್ಕಿಂತ ಹೊಸದು ಹಾಕಿ.

ಗಾಡಿ ನೆರೆ ನೀರಿನಲ್ಲಿ ನಿಂತಿದ್ದರೆ ವಿಷಯವೇ ಬೇರೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿತ್ತಲ್ಲ, ಅಂಥ ಹೊತ್ತಿನಲ್ಲಿ ಏರ್ ಕ್ಲೀನರ್ ಮಟ್ಟಕ್ಕೆ ನೀರು ಬಂದಿದ್ದರೆ ಕೀಲಿಯನ್ನೇ ಮುಟ್ಟಬೇಡಿ. ನೀರು ಕುಗ್ಗುವುದಿಲ್ಲ. ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೀಟರ್ ಪ್ಲಗ್ ಅಥವಾ ನಾಝಲ್ ಬಿಚ್ಚಿ, ನೀರು ಹೊರಗೆ ಹಾಕಿ, ಆಯಿಲ್ ಬದಲಿಸಿದ ಮೇಲಷ್ಟೇ ಮುಂದಿನ ಮಾತು.

ಹೀಟರ್ ಸರಿ ಇದ್ದೂ ಬೆಳಗ್ಗೆ ಕಷ್ಟಪಟ್ಟು, ಬಿಸಿಯಾದ ಮೇಲೆ ಸಲೀಸಾಗಿ ಸ್ಟಾರ್ಟ್ ಆಗುವ ಗಾಡಿಯ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ) ಅಳೆಸಿ. ಉಲ್ಟಾ, ತಣ್ಣಗಿದ್ದಾಗ ಸಲೀಸು, ಓಡಿಸಿ ನಿಲ್ಲಿಸಿದ ಮೇಲೆ ಹತ್ತುವುದಿಲ್ಲ ಅಂದರೆ ಪಂಪು ಸವೆದಿರುವ ಅನುಮಾನ. ಬಿಸಿಗೆ ಡೀಸೆಲ್ ತೆಳುವಾಗಿ ಸವೆದ ಸಂದಿಯಲ್ಲಿ ಜಾರಿಹೋಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ಬಿಟ್ಟು ನೋಡಿ. ಆಗ ಹತ್ತಿದರೆ ಅನುಮಾನ ಗಟ್ಟಿ. ಇವೆರಡೂ ಮನೆಯಲ್ಲಿ ಮುಗಿಯುವ ಕೆಲಸವಲ್ಲ.

## ತಳ್ಳಿ ಸ್ಟಾರ್ಟ್ ಮಾಡುವ ಬಗ್ಗೆ

ತಳ್ಳುವುದು ಸೆಲ್ಫ್ ಮಾಡುವ ಕೆಲಸವನ್ನು ಮಾತ್ರ ಮಾಡುತ್ತದೆ. ಹೊಗೆ ಬಾರದ ಗಾಡಿಯನ್ನು ಊರ ತುದಿಯವರೆಗೆ ತಳ್ಳಿದರೂ ಅದು ಹತ್ತುವುದಿಲ್ಲ. ಸೊಲೆನಾಯ್ಡ್ ಇರುವ ಗಾಡಿಯಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೂ ಅಷ್ಟೇ, ಡೀಸೆಲ್ ಬಾಗಿಲೇ ತೆರೆಯುವುದಿಲ್ಲ. ಟೈಮಿಂಗ್ ಬೆಲ್ಟಿನ ಎಂಜಿನ್ನಿಗೆ ಬೇಡ, ಹಳೇ ಬೆಲ್ಟ್ ಹಲ್ಲು ಹಾರುವ ಅಪಾಯ ಇದೆ.

ಮಾಡಲೇಬೇಕಾದರೆ ಕೀಲಿ ಆನ್, ಎರಡನೇ ಅಥವಾ ಮೂರನೇ ಗೇರ್, ಕ್ಲಚ್ ಒತ್ತಿ ವೇಗ ಹಿಡಿದ ಮೇಲೆ ನಿಧಾನ ಬಿಡಿ. ಎಂಜಿನ್ ಓಡದಿದ್ದರೆ ಬ್ರೇಕ್ ಬೂಸ್ಟರಿನಿಂದ ಗಾಳಿ ಎಳೆದು ಬ್ರೇಕ್ ಹಗುರ ಮಾಡುವ ಪಂಪೂ ಓಡುವುದಿಲ್ಲ. ಎರಡು ಮೂರು ಸಲ ತುಳಿದ ಮೇಲೆ ಬ್ರೇಕ್ ಕಲ್ಲಿನಂತಾಗುತ್ತದೆ, ಪವರ್ ಸ್ಟೀರಿಂಗೂ ಬಿಗಿ. ಆಗುಂಬೆ, ಹುಲಿಕಲ್ ಘಾಟಿಯ ಇಳಿಜಾರಿನಲ್ಲಿ, ಪಾಚಿ ಹಿಡಿದ ಮನೆ ದಾರಿಯಲ್ಲಿ ಈ ಸಾಹಸ ಖಂಡಿತ ಬೇಡ. ಮುಂದೆ ಚಪ್ಪಟೆ ಜಾಗ ಕಾಣುತ್ತಿದ್ದರೆ ಮಾತ್ರ.

## ಯಾರು ಹೇಳಿದರೂ ಮಾಡಬಾರದ್ದು

ಏರ್ ಕ್ಲೀನರ್ ಬಾಯಿಗೆ ಬೆಂಕಿ ಹಚ್ಚಿದ ಬಟ್ಟೆ ಹಿಡಿಯುವುದು. ಬಟ್ಟೆಯ ಚೂರು ಒಳಗೆ ಹೋಗುತ್ತದೆ, ಸುತ್ತ ಸೋರಿದ ಡೀಸೆಲ್ ಇರುತ್ತದೆ.

ಪೆಟ್ರೋಲ್ ಅಥವಾ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು. ಹೀಟರ್ ಪ್ಲಗ್ ಕೆಂಪಗಿರುವಾಗ ಅದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ ಒಡೆಯುತ್ತದೆ.

ಟ್ಯಾಂಕಿಗೆ ಕಂಪ್ರೆಸರ್ ಗಾಳಿ ಕೊಟ್ಟು ಡೀಸೆಲ್ ತಳ್ಳುವುದು. ಪ್ರೈಮರ್ ಇಲ್ಲದ ಗಾಡಿಗೆ ಲೈನಿನಲ್ಲಿ ಹಾಕುವ ರಬ್ಬರ್ ಪ್ರೈಮರ್ ಸಿಗುತ್ತದೆ, ಅದನ್ನು ಹಾಕಿಸಿಕೊಳ್ಳಿ.

## ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ

ಶಿವಮೊಗ್ಗದಲ್ಲಿದ್ದರೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆಗೆ ಎಳೆದುಕೊಂಡು ಹೋಗಬಹುದು. ಒಳಗಿನ ಹಳ್ಳಿಗಳಲ್ಲಿ ಮೆಕ್ಯಾನಿಕ್ ಪೇಟೆಯಿಂದ ಬೈಕಿನಲ್ಲಿ ಬರಬೇಕು. ಬರೀ "ಸ್ಟಾರ್ಟ್ ಆಗ್ತಿಲ್ಲ" ಅಂದರೆ ಅವರು ಯಾವ ಸಾಮಾನು ತರಬೇಕು? ಮಳೆಯಲ್ಲಿ ಎರಡು ಸಲ ಓಡಾಡಿಸಿದ ಹಾಗಾಗುತ್ತದೆ.

ಸೆಲ್ಫ್ ಜೋರಾಗಿ ತಿರುಗುತ್ತಿದೆಯಾ, ಹೊಗೆ ಬರುತ್ತಿದೆಯಾ, ಬಂದರೆ ಯಾವ ಬಣ್ಣ ಅಂತ ಹೇಳಿ. ಪ್ರೈಮರ್ ಬಿಗಿ ಇದೆಯಾ ಪೊಳ್ಳಾ ಅಂತ ಹೇಳಿ. ಫಿಲ್ಟರಿನಲ್ಲಿ ನೀರು ಬಂತಾ, ನೀವು ಏನೇನು ಬಿಚ್ಚಿದ್ದೀರಿ ಅನ್ನುವುದನ್ನು ಮುಚ್ಚಿಡದೆ ಹೇಳಿ. ಎಂಜಿನ್ ಯಾವುದು, ಪ್ಲಗ್ಗಿನ ಮೇಲೆ ಏನು ನಂಬರ್ ಇದೆ ಅನ್ನುವುದಕ್ಕೆ ಒಂದು ಫೋಟೋ ಕಳಿಸಿದರೆ ಇನ್ನೂ ಒಳ್ಳೆಯದು. ಅವರು ಬರುವಷ್ಟರಲ್ಲಿ ಬ್ಯಾಟರಿ ಚಾರ್ಜಿಗೆ ಹಾಕಿರಿ.